ಭೀಮವ್ವ ಬರುವ ತನಕ

ಹೊಳೆಮ್ಮನಿಗೆ ನೆಟ್ಟಗೆ ನಿಂತು ಹಾಡಲು ಬರುತ್ತಿರಲಿಲ್ಲ. ಸೊಂಟ ಬಗ್ಗಿರಬೇಕು, ಕಾಲು ಕೆಸರಿನಲ್ಲಿರಬೇಕು, ಎಡಗೈಯಲ್ಲಿ ಸಸಿಯ ಕಟ್ಟು ಇರಬೇಕು, ಆಗಲೇ ಅವಳ ಗಂಟಲು ತೆರೆಯುತ್ತಿದ್ದುದು. ಮದುವೆ ಮನೆಯಲ್ಲಿ ಕೂರಿಸಿ ಸೋಬಾನೆ ಹಾಡು ಅಂದರೆ ಎರಡನೇ ಸಾಲಿಗೇ ಕೆಮ್ಮು ಬರುತ್ತಿತ್ತು. "ಹೊಳೆಮ್ಮನ ಹಾಡು ಬೇಕಂದ್ರ ಗದ್ದಿಗಿಳೀರಿ" ಎಂದು ಕಮಲಾಪುರದ ಹೆಂಗಸರು ನಗುತ್ತಿದ್ದರು.

ಅವಳು ನಾಟಿ ಗ್ಯಾಂಗಿನ ಮೇಸ್ತ್ರಿ. ಕಾಲುವೆಗೆ ನೀರು ಬಿಟ್ಟರೆ ಸಾಕು, ಕಮಲಾಪುರದಿಂದ ಕಂಪ್ಲಿಯವರೆಗೆ ಯಾರ ಗದ್ದೆ ಸಿಕ್ಕರೂ ಗುತ್ತಿಗೆ ಹಿಡಿದು ಕೇರಿಯ ಹೆಂಗಸರನ್ನು ಕರೆದುಕೊಂಡು ಹೋಗಿ ಭತ್ತ ನಾಟಿ ಮಾಡಿ ಬರುವುದು ಅವಳ ಕೆಲಸ. ಮೇಸ್ತ್ರಿ ಅಂದರೆ ಏನೋ ದೊಡ್ಡ ಹುದ್ದೆ ಅಂದುಕೊಳ್ಳಬೇಡಿ. ಮಾಲೀಕನ ಹತ್ತಿರ ಬಾಯಿ ಮಾಡುವುದು, ಬೆಳಕು ಹರಿಯುವ ಮೊದಲು ಎಲ್ಲರ ಬಾಗಿಲು ಬಡಿಯುವುದು, ಯಾರ ಗಂಡ ಕುಡಿದು ಬಂದು ಕೈ ಎತ್ತಿದನೋ ಅವನ ಕೊರಳಪಟ್ಟಿ ಹಿಡಿಯುವುದು, ಇಷ್ಟೇ. ಅವಳ ಗಂಡ ಜಂಬುನಾಥ ಗಣಿಗಳಿದ್ದಾಗ ಅದಿರು ಲಾರಿಗೆ ಲೋಡಿಂಗ್ ಮಾಡುತ್ತಿದ್ದ. ಗಣಿಗಳು ನಿಂತ ಮೇಲೆ ಬಾಳೆಗೊನೆ ಹೊರಲು ಹೋದ. ಮನೆಯ ಭಾರ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೊತ್ತ ಮನುಷ್ಯ.

ಹಾಡು ಸಿಕ್ಕಿದ್ದು ಆ ಗಣಿಗಳು ನಿಂತ ವರ್ಷವೇ. ಕೆಲಸ ಹೋದವರೆಲ್ಲ ಸೇರಿ ಸಂಡೂರಿನಿಂದ ಹೊಸಪೇಟೆಗೆ ಪಾದಯಾತ್ರೆ ಬಂದರು. ಜಂಬುನಾಥನ ಜೊತೆ ಹೊಳೆಮ್ಮನೂ ಅದರಲ್ಲಿದ್ದಳು. ಮುಂದೆ ಒಬ್ಬ ಎತ್ತರದ ಕರಿಯ ಮನುಷ್ಯ ಹಲಗೆ ಬಡಿಸಿಕೊಂಡು ಹಾಡುತ್ತಿದ್ದ. ಪಾಪಿನಾಯಕನಹಳ್ಳಿಯ ಉಚ್ಚೆಂಗಪ್ಪ, ಗಣಿಯಲ್ಲಿ ಕಲ್ಲಿಗೆ ತೂತು ಕೊರೆಯುವ ಮಿಷನ್ ಹಿಡಿದವನು. ಹಾಡು ಅವನದೇ.

*ಏಳೋ ಏಳೋ ಕೆಮ್ಮಣ್ಣ ಮಗನ*
*ಹೆಜ್ಜಿ ಹಾಕೋ ನಿಲ್ಲಬ್ಯಾಡ*
*ಧೂಳು ತಿಂದ ಎದಿಯಾಗ ನೋಡ*
*ಕೆಂಡ ಐತಿ ಆರಸಬ್ಯಾಡ*

ಓಡುವ ಹಾಡು ಅದು. ಹಲಗೆಯ ಪೆಟ್ಟಿಗೆ ಕಾಲು ತಾನಾಗಿ ಏಳುತ್ತಿತ್ತು. ಹೊಸಪೇಟೆಗೆ ಬರುವ ಹೊತ್ತಿಗೆ ಪಾದಯಾತ್ರೆ ಸೊರಗಿ ಅರ್ಧವೂ ಉಳಿದಿರಲಿಲ್ಲ. ಸಾಹೇಬರು ಮನವಿ ಪತ್ರ ತೆಗೆದುಕೊಂಡು ಒಳಗೆ ಹೋದರು, ಅಲ್ಲಿಗೆ ಮುಗಿಯಿತು. ಲೀಡರುಗಳು ಒಬ್ಬೊಬ್ಬರು ಒಂದೊಂದು ಪಕ್ಷಕ್ಕೆ ಹೋದರು. ಹೊಳೆಮ್ಮನಿಗೆ ಆ ಯಾತ್ರೆಯಿಂದ ದಕ್ಕಿದ್ದು ಎರಡು: ಅಂಗಾಲಿನ ಬೊಬ್ಬೆ ಮತ್ತು ಈ ಹಾಡು. ಬೊಬ್ಬೆ ಒಣಗಿತು.

ಗದ್ದೆಯಲ್ಲಿ ಮೊದಲ ದಿನ ಇದ್ದ ಹಾಗೇ ಹಾಡಿದಳು. ಹೆಂಗಸರಿಗೆ ಹುರುಪು ಬಂತು. ಕೈ ಚಕಚಕ ಓಡಿತು. ಬದುವಿನ ಮೇಲೆ ಕೊಡೆ ಹಿಡಿದು ನಿಂತಿದ್ದ ಮಾಲೀಕ "ಭೇಷ್, ಭೇಷ್, ಹಿಂಗ ದಿನಾ ಹಾಡ್ರವ್ವ" ಅಂದ. ಅವನು ಭೇಷ್ ಅಂದಾಗಲೇ ಹೊಳೆಮ್ಮನಿಗೆ ಎಲ್ಲೋ ಎಡವಟ್ಟಾಗಿದೆ ಅನ್ನಿಸಿತು. ಬೇರು ಕೂರದ ಸಸಿಗಳು ಊರಿದ ಬೆನ್ನಿಗೇ ಎದ್ದು ತೇಲುತ್ತಿದ್ದವು. ತಲೆ ಎತ್ತಿ ನೋಡಿದರೆ ಸಾಲಿನಲ್ಲಿ ಮುದುಕಿ ಭೀಮವ್ವ ಇಲ್ಲ.

ನಾಟಿ ಮಾಡುವವರು ಸಾಲಾಗಿ ಬಗ್ಗಿ, ಸಸಿ ಊರುತ್ತ ಹಿಂದಕ್ಕೆ ಹಿಂದಕ್ಕೆ ಸರಿಯುತ್ತಾರೆ. ಒಬ್ಬಳು ತಡವಾದರೆ ಅವಳ ಎಡಕ್ಕೂ ಬಲಕ್ಕೂ ಹಸಿರು ಬೆಳೆದು, ಅವಳು ನಡುವೆ ಕೆಸರಿನ ಗಲ್ಲಿಯಲ್ಲಿ ಸಿಕ್ಕಿಕೊಳ್ಳುತ್ತಾಳೆ. ಅವತ್ತು ಭೀಮವ್ವ ಹಾಗೆ ಸಿಕ್ಕಿಕೊಂಡು, ಸೊಂಟದ ಮೇಲೆ ಕೆಸರುಗೈ ಇಟ್ಟು ನಿಂತಿದ್ದಳು. ಮೊಣಕಾಲು ಹಿಡಿದುಕೊಂಡು ಬಹಳ ದಿನವಾದ ಮುದುಕಿ.

"ಏ ಹೊಳೀ! ನಿನ್ನ ಹಾಡಿಗೆ ನನ್ನ ಹಳೇ ಕೆರ ಬಡೀಲಿ. ನೆಲ್ಲು ಹಚ್ಚಾಕ ಬಂದಿಯೋ ಕಳ್ಳರನ್ನ ಬೆನ್ನು ಹತ್ತಾಕ ಬಂದಿಯೋ?"

"ಜಲ್ದಿ ಬಾರತ್ತಿ!"

"ಬರತೀನಿ ನಿಲ್ಲಲೇ. ನಿನಗ ಸಸಿ ಹಿಡಿಯಾಕ ಕಲಿಸಿದ್ದೇ ನಾನು."

ಅದು ನಿಜ. ಹೊಳೆಮ್ಮನನ್ನು ಲಂಗದ ವಯಸ್ಸಿನಲ್ಲಿ ಗದ್ದೆಗಿಳಿಸಿದ್ದು ಭೀಮವ್ವನೇ. ಮುದುಕಿಯನ್ನು ಕೈಬಿಡು, ಕೆಲಸ ಹಿಂದೆ ಬೀಳುತ್ತದೆ ಎಂದು ಗ್ಯಾಂಗಿನ ಕೆಲವರು ಗೊಣಗಿದ್ದೂ ಇತ್ತು. ಹೊಳೆಮ್ಮ ಕೇಳಲಿಲ್ಲ. ಋಣ ಒಂದು ಕಡೆ. ಇನ್ನೊಂದು ಕಡೆ, ಭೀಮವ್ವನ ನಾಲಿಗೆಗೆ ಹೆದರಿ ಎಷ್ಟೋ ಮಾಲೀಕರು ಸುಮ್ಮನೆ ಕೂಲಿ ಕೈಗಿಡುತ್ತಿದ್ದರು. ಅಂಥ ನಾಲಿಗೆ ಗ್ಯಾಂಗಿಗೆ ಬೇಕಿತ್ತು.

ಹಾಗಾಗಿ ಹಾಡನ್ನು ಬಗ್ಗಿಸಬೇಕಾಯಿತು. ಮರುದಿನ 'ನಿಲ್ಲಬ್ಯಾಡ' ಬರುವ ಜಾಗಕ್ಕೆ ಹೊಳೆಮ್ಮ "ಬಾರವ್ವಾ…" ಎಂದು ಎಳೆದಳು. ಎಳೆದಷ್ಟು ಹೊತ್ತು ಸಾಲು ನಿಲ್ಲಬೇಕು, ಯಾರೂ ಸಸಿ ಊರುವಂತಿಲ್ಲ. ಅವಳ ಉಸಿರು ಮುಗಿದರೆ ಪಕ್ಕದವಳು ಅದೇ ಎಳೆಯನ್ನು ಹಿಡಿಯಬೇಕು, ಅವಳದು ಮುಗಿದರೆ ಮತ್ತೊಬ್ಬಳು. ಭೀಮವ್ವ ತನ್ನ ಗಲ್ಲಿ ಮುಗಿಸಿ ಸಾಲಿಗೆ ಬಂದು ಕೂಡಿಕೊಂಡು "ಬಂದ್ನೇ!" ಎಂದು ಕೂಗಿದ ಮೇಲೆಯೇ ಹಾಡಿನ ಮುಂದಿನ ಸಾಲು. ಕೆಲವು ದಿನ ಚಿಕ್ಕ ಎಳೆ, ಮೋಡದ ದಿನ ಮೊಣಕಾಲು ಹಿಡಿದರೆ ಉದ್ದದ ಎಳೆ. ಬದುವಿನ ಮೇಲಿನ ಮಾಲೀಕ "ಇದೇನು ಹಾಡೋ ಅಳೋದೋ" ಅಂದ. ಅಂದುಕೊಳ್ಳಲಿ.

ಮಾತುಗಳು ಕೂಡ ತಾವಾಗಿ ಬದಲಾದವು. ಯಾರೂ ಕೂತು ತಿದ್ದಲಿಲ್ಲ. ಗದ್ದೆಯಲ್ಲಿ ಕೆಮ್ಮಣ್ಣಿಲ್ಲ, ಧೂಳಂತೂ ಇಲ್ಲವೇ ಇಲ್ಲ. ಮಗನೂ ಇಲ್ಲ, ಅವನು ಚಹಾ ಅಂಗಡಿಯಲ್ಲಿರುತ್ತಾನೆ.

*ಏಳವ್ವ ಏಳವ್ವ ಕೆಸರಿನ ಮಗಳ*
*ಹೆಜ್ಜಿ ಇಡವ್ವ, ಬಾರವ್ವಾ…*
*ನೀರು ಕುಡಿದ ಕಾಲಾಗ ನೋಡ*
*ಜೀವ ಐತಿ, ಬಾರವ್ವಾ…*

ವರ್ಷಗಳು ಹೋದವು. ಹಲಗೆಯ ಪೆಟ್ಟು ಎಲ್ಲೋ ಉದುರಿಹೋಯಿತು. ಇದು ಯಾರ ಹಾಡು ಎಂದು ಹೊಸದಾಗಿ ಗ್ಯಾಂಗಿಗೆ ಬಂದ ಹೆಂಗಸರು ಕೇಳಲೇ ಇಲ್ಲ. ಹೊಳೆಮ್ಮನದು ಅಂದುಕೊಂಡರು. ಹೊಳೆಮ್ಮ ಅಲ್ಲವೆಂದೂ ಹೇಳಲಿಲ್ಲ, ಹೌದೆಂದೂ ಹೇಳಲಿಲ್ಲ.

ಹೋದ ವರ್ಷ ಅವಳ ಅಣ್ಣನ ಮಗಳು ಸುಷ್ಮಿತಾ ಬದುವಿನ ಮೇಲೆ ಕೂತು ಇದನ್ನು ಫೋನಿನಲ್ಲಿ ಹಿಡಿದಳು. ಬಿ.ಎಡ್. ಓದುತ್ತಿದ್ದ ಹುಡುಗಿ, ತನ್ನ ಗೆಳತಿಯರಿಗೆ ಕಳಿಸಿದಳು. ಅದು ಎಲ್ಲಿಂದ ಎಲ್ಲಿಗೋ ಹೋಯಿತು. ಹೊಸಪೇಟೆಯ ಚಿತ್ತವಾಡ್ಗಿಯ ಆಟೋಗಳಲ್ಲಿ ಕೇಳಿಸಿತು. ಒಬ್ಬ ಡಿಜೆಯವನು ಕೆಳಗೆ ಧಡಧಡ ಶಬ್ದ ಸೇರಿಸಿ ಮದುವೆ ಮೆರವಣಿಗೆಗೆ ಹಾಕಿದ. ಆ ಉದ್ದ ಎಳೆ ಕೇಳಿ ಜನ "ಏನ್ ಉಸಿರು ಮಾರಾಯ! ಮಸ್ತ್" ಅಂದರು. ಅದು ಒಬ್ಬಳ ಉಸಿರಲ್ಲ, ನಾಲ್ಕೈದು ಹೆಂಗಸರದು. ಅವರು ಕಾಯುತ್ತಿದ್ದುದು ಒಂದು ಕೆಟ್ಟ ಮೊಣಕಾಲಿಗೆ. ಕೇಳಿದವರಿಗೆ ಅದೆಲ್ಲ ಹೇಗೆ ಗೊತ್ತಾಗಬೇಕು?

ಒಂದು ಮಧ್ಯಾಹ್ನ ಹೊಳೆಮ್ಮ ಬುತ್ತಿ ಬಿಚ್ಚುವಾಗ ಫೋನ್ ಬಂತು.

"ಹೊಳೆಮ್ಮೇನು?"

"ಹೌದ್ರಿ, ಯಾರು?"

"ನೀ ಹಾಡಾಕತ್ತೀಯಲ್ಲ, ಆ ಹಾಡಿನ ಅಪ್ಪ."

ಧ್ವನಿ ಒಡೆದಿತ್ತು. ಆದರೂ ಗುರುತು ಸಿಕ್ಕಿತು. ಉಚ್ಚೆಂಗಪ್ಪ.

"ಅಪ್ಪ ಅಂದ್ರ ಚಲೋ ಆತು ಬಿಡಣ್ಣ. ಮಗಳು ಇಷ್ಟು ವರ್ಷದಿಂದ ನಮ್ಮನ್ಯಾಗ ಅದಾಳ, ಒಂದ್ ಸಲನೂ ನೋಡಾಕ ಬರಲಿಲ್ಲ ನೀನು."

"ನಗಸಬ್ಯಾಡ. ಸಂಡೂರಿನ್ಯಾಗ ಆಟೋದಾಗ ಕೇಳಿದೆ. ಇಳದು ಬಿಟ್ಟೆ ಅಲ್ಲೇ. ನಿಲ್ಲಬ್ಯಾಡ ಅಂತ ನಾ ಬರದ್ರ, ನೀ ಸರಿಯಾಗಿ ಅಲ್ಲೇ ನಿಂತ್ಕಂತೀಯಲ್ಲ! ಹೋರಾಟದ ಹಾಡನ್ನ ಜೋಗುಳ ಮಾಡೀದಿ. ಮತ್ತ ಅದ್ಯಾವ ಮುದುಕಿ ನಡುವ ಬಂದ್ನೇ ಬಂದ್ನೇ ಅಂತ ಒದರತೈತಿ?"

"ಭೀಮವ್ವ."

"ನನ್ನ ಹಾಡಿನ್ಯಾಗ ಭೀಮವ್ವ ಇಲ್ಲ."

"ನಮ್ಮ ಗದ್ಯಾಗ ಅದಾಳಣ್ಣ."

ಅವನು ಫೋನ್ ಇಟ್ಟ. ಪಕ್ಕದಲ್ಲಿ ರೊಟ್ಟಿ ಮುರಿಯುತ್ತಿದ್ದ ಭೀಮವ್ವ "ಯಾರದು? ನನ್ನ ಹೆಸರು ಯಾಕ ಬಂತು?" ಅಂದಳು. "ನಿನ್ನ ಧ್ವನಿ ಮೆಚ್ಚಿಕೊಂಡಾರ" ಎಂದಳು ಹೊಳೆಮ್ಮ.

ಅಲ್ಲಿಗೆ ಬಿಟ್ಟಿದ್ದರೆ ಹಾಡು ಅವರವರ ಪಾಡಿಗೆ ಇರುತ್ತಿತ್ತು. ಆದರೆ ಆ ತಿಂಗಳು ಕಂಪ್ಲಿ ರಸ್ತೆಯಲ್ಲಿ ಕೂಲಿ ಹೆಂಗಸರನ್ನು ತುಂಬಿಕೊಂಡು ಹೋಗುತ್ತಿದ್ದ ಗೂಡ್ಸ್ ಗಾಡಿಯೊಂದು ಕಾಲುವೆ ಪಕ್ಕ ಮಗುಚಿತು. ಜೀವ ಹೋಗಲಿಲ್ಲ, ಕೈಕಾಲು ಮುರಿದವು. ಮರುದಿನದಿಂದ ಪೊಲೀಸರು ಗೂಡ್ಸ್ ಗಾಡಿಯಲ್ಲಿ ಜನ ಕೂರುವಂತಿಲ್ಲ ಎಂದು ತಡೆದರು. ತಡೆದದ್ದು ಸರಿಯೇ. ಆದರೆ ಬೆಳಿಗ್ಗೆ ಆ ಕಡೆಗೆ ಬಸ್ಸೂ ಇರಲಿಲ್ಲ. ಗದ್ದೆಯಲ್ಲಿ ನೀರು ನಿಂತಿತ್ತು, ಸಸಿ ಮಡಿಯಲ್ಲಿ ಬಲಿಯುತ್ತಿತ್ತು, ಹೆಂಗಸರು ರಸ್ತೆಯಲ್ಲಿ ನಿಂತಿದ್ದರು. ಕೂಲಿ ಸಂಘದವರು ಬೆಳಗಿನ ಬಸ್ಸಿಗಾಗಿ ಹೊಸಪೇಟೆ ಡಿಪೋಕ್ಕೆ ಮೆರವಣಿಗೆ ಹೊರಡಿಸಿದರು.

ಸಂಘದ ಕಾರ್ಯದರ್ಶಿ ಪಂಪೇಶ್, ಮದುವೆ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ಬಾರಿಸುವವನು, ಮನೆಗೇ ಬಂದ. "ಅಕ್ಕಾ, ಮೆರವಣಿಗಿ ಮುಂದಿನ ಗಾಡ್ಯಾಗ ಮೈಕ್ ನಿಂದು. ನಿನ್ನ ಹಾಡು ಕೇಳಿದ್ರ ಜನ ಬರ್ತಾರ."

ಹೊಳೆಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಇಷ್ಟು ವರ್ಷ ಅವಳ ಹಾಡನ್ನು ಕೇಳಿದ್ದು ಕೆಸರು, ಕೊಕ್ಕರೆ, ಪಕ್ಕದವಳ ಬೆನ್ನು. ಊರಿನ ನಡುವೆ ಎಲ್ಲರ ಮುಖಕ್ಕೆ ಹಾಡಬೇಕೆಂಬ ಆಸೆ ತನಗಿದೆ ಎಂದು ಅವಳಿಗೆ ಗೊತ್ತಾದದ್ದು ಆ ಹೊತ್ತಿಗೇ. ಗೊತ್ತಾದ ಮೇಲೆ ಅದು ಬಿಡಲಿಲ್ಲ.

"ಆದ್ರ ಒಂದು ಮಾತಕ್ಕ" ಅಂದ ಪಂಪೇಶ್. "ಉಚ್ಚೆಂಗಪ್ಪಣ್ಣನ ಕೇಳಬೇಕಾಗತೈತಿ. ಹಿರಿಯ ಮನುಷ್ಯ, ಸಂಘ ಕಟ್ಟಿದಾತ. ಹಾಡು ಆತಂದು."

ಚಿತ್ತವಾಡ್ಗಿಯಲ್ಲಿ ಪಂಕ್ಚರ್ ಅಂಗಡಿಯ ಮೇಲಿನ ಕೋಣೆಯೇ ಸಂಘದ ಆಫೀಸು. ಅಭ್ಯಾಸಕ್ಕೆಂದು ಹೊಳೆಮ್ಮ ಹೋದಾಗ ಉಚ್ಚೆಂಗಪ್ಪ ಕಿಟಕಿ ಪಕ್ಕ ಕೂತಿದ್ದ. ಎತ್ತರ ಹಾಗೇ ಇತ್ತು, ಮೈ ಮಾತ್ರ ಕರಗಿ ಅಂಗಿ ಜೋತಾಡುತ್ತಿತ್ತು. ಮೆಟ್ಟಿಲು ಹತ್ತಿದ್ದ ಏದುಸಿರು ಇನ್ನೂ ಇಳಿದಿರಲಿಲ್ಲ. ಗಣಿ ಧೂಳು ಎದೆಗಿಳಿದರೆ ವಾಪಸ್ಸು ಬರುವುದಿಲ್ಲ.

ಪಂಪೇಶ್ ಕೀಬೋರ್ಡಿನಲ್ಲಿ ತಾಳ ಹಾಕಿದ. ಗುಂಡಿ ಒತ್ತಿದರೆ ಅದರ ಪಾಡಿಗೆ ಬಡಿಯುವ ತಾಳ. "ಹಾಡಕ್ಕ. ಬಾರವ್ವಾ ಅನ್ನೋದು ಎಂಟು ಪೆಟ್ಟು, ಆಮ್ಯಾಲೆ ಮುಂದಿನ ಸಾಲು."

ಹೊಳೆಮ್ಮ ಮೈಕಿನ ಮುಂದೆ ನೆಟ್ಟಗೆ ನಿಂತಳು. ಧ್ವನಿ ತಗಡಿನ ಹಾಗೆ ಬಂತು. ಎಳೆ ಮೊದಲ ಸಲ ನಾಲ್ಕು ಪೆಟ್ಟಿಗೇ ತುಂಡಾಯಿತು, ಎರಡನೇ ಸಲ ಪೆಟ್ಟುಗಳನ್ನೆಲ್ಲ ದಾಟಿ ಎಲ್ಲೋ ಹೋಯಿತು. ಮೂರನೇ ಸಲ ಅವಳು ಎಳೆಯುತ್ತಲೇ ಬಾಗಿಲ ಕಡೆ ತಿರುಗಿ ನೋಡಿದಳು, ನಿಲ್ಲಿಸಿಬಿಟ್ಟಳು.

"ಏನಾತಕ್ಕ?"

"ಭೀಮವ್ವ ಎಲ್ಲಿ?"

"ಆಕಿ ಯಾಕ?"

"ಆಕಿ ಬರದ ನಾ ಎಲ್ಲಿಗೆ ಮುಗಸಬೇಕು?"

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಉಚ್ಚೆಂಗಪ್ಪ ಮಾತ್ರ ನಗಲಿಲ್ಲ.

"ನೋಡು ತಂಗಿ, ಅದಕ್ಕ ಹೇಳೋದು ನಾನು. ಗದ್ಯಾಗ ಹೆಂಗರ ಹಾಡಿಕ್ಯಾ. ಬೀದ್ಯಾಗ ನಾ ಮಾಡಿದಂಗ ಹಾಡು. ಇದು ನಡಸೋ ಹಾಡು. ಅವತ್ತು ಸಂಡೂರಿಂದ ಬರ್ತಾ ಹಾಡು ನಿಧಾನ ಆದಾಗೆಲ್ಲ ಒಬ್ಬೊಬ್ಬ ಉದುರಿದ. ಗಿಡದ ನೆರಳಿಗೆ ಕುಂತ, ಎದ್ದು ಬರಲಿಲ್ಲ. ನಾ ಮುಂದ ನಿಂತು ನೋಡೀನಿ."

"ನಾನೂ ಇದ್ನಣ್ಣ. ಹಿಂದ ಇದ್ದೆ. ಅವರು ಮನಸ್ಸು ಸೋತು ಕುಂತಿಲ್ಲ, ಕಾಲು ಸೋತು ಕುಂತ್ರು. ನಿಮ್ಮ ಹಲಗಿ ಮುಂದ ಹೋಗಿಬಿಡ್ತು. ಹಲಗಿ ಕೇಳದಿದ್ರ ಯಾರ ಹಿಂದ ನಡೀಬೇಕು ಅವರು?"

ಉಚ್ಚೆಂಗಪ್ಪನ ಕುತ್ತಿಗೆಯ ನರ ಉಬ್ಬಿತು. "ಹಾಡು ಬರದಾಂವ ನಾನೋ ನೀನೋ?"

"ಮಾತು ನಿಂದು. ಹೆಜ್ಜಿ ಯಾರದು? ನಿಮ್ಮೂರ ಮೊಹರಮ್ಮಿನ ಪೀರಲ ಹಬ್ಬದಾಗ ಅಲಾಯಿ ಕುಣಿತಾರಲ್ಲ, ಆ ಹೆಜ್ಜಿ ಅಲ್ಲೇನದು? ಕೆಂಡದ ಗುಣಿ ಸುತ್ತ ಕುಣಿಯೋರನ್ನ ಕೇಳಿ ತಗಂಡೇನು?"

"ಅದು ಊರದು. ಊರದನ್ನ ಯಾರನ್ನ ಕೇಳೋದು?"

"ಹಂಗಾದ್ರ ನಾವೇನು ಊರ ಹೊರಗಿನವರಾ?"

ಕೀಬೋರ್ಡಿನ ತಾಳ ಯಾರಿಗೂ ಬೇಡದೆ ಬಡಿಯುತ್ತಲೇ ಇತ್ತು. ಪಂಪೇಶ್ ಅದನ್ನು ಬಂದ್ ಮಾಡಿ, ಇಬ್ಬರನ್ನೂ ನೋಡಿ, ಕೊನೆಗೆ ಕಾರ್ಯದರ್ಶಿಯ ಮಾತಾಡಿದ. ಅಣ್ಣ ಬರೆದ ಹಾಗೆ ತಾಳಕ್ಕೆ ಹಾಡಿದರೆ ಮೈಕ್ ಹೊಳೆಮ್ಮಕ್ಕನದು. ಆಗದಿದ್ದರೆ ಆರ್ಕೆಸ್ಟ್ರಾದ ಸುಮಲತಾ ಇದ್ದಾಳೆ, ಅವಳಿಗೆ ಹೇಳುತ್ತೇನೆ.

ಹೊಳೆಮ್ಮನಿಗೆ ಸಿಟ್ಟು ನೆತ್ತಿಗೇರಿತು. ಆದರೆ ಮೈಕ್ ಬಿಡುವ ಮನಸ್ಸು ಬರಲಿಲ್ಲ. "ಹಾಡ್ತೀನಿ" ಅಂದು ಮೆಟ್ಟಿಲಿಳಿದಳು.

ಕೇರಿಯ ನಲ್ಲಿಯ ಹತ್ತಿರ ನೆಟ್ಟಗೆ ನಿಂತು ಕೊಡ ತುಂಬುವಾಗ, ಪಾತ್ರೆ ತಿಕ್ಕುವಾಗ, ಹಿತ್ತಲಲ್ಲಿ ಬಟ್ಟೆ ಒಗೆಯುವಾಗ ಹಳೆಯ ಹಾಡನ್ನು ಹಳೆಯ ಓಟದಲ್ಲೇ ಹೇಳಿ ಹೇಳಿ ರೂಢಿ ಮಾಡಿಕೊಂಡಳು. ಬರುವುದಿಲ್ಲ ಅಂದುಕೊಂಡಿದ್ದದ್ದು ಬಂತು. ಅಷ್ಟೇನೂ ಕೆಟ್ಟದಾಗಿರಲಿಲ್ಲ ಕೂಡ. ಗ್ಯಾಂಗಿನ ಹೆಂಗಸರು ಕೇಳಿ "ಯಾರದೋ ಹಾಡಿನಂಗ ಐತಿ" ಅಂದರು. ಭೀಮವ್ವ ಎಲೆಯಡಿಕೆ ಉಗಿದು, "ಹೆಂಗರ ಹಾಡು. ನಾನಂತೂ ಓಡಂಗಿಲ್ಲ" ಅಂದಳು.

ಮೆರವಣಿಗೆಯ ದಿನ ಕಮಲಾಪುರ, ಪಾಪಿನಾಯಕನಹಳ್ಳಿ, ಕಂಪ್ಲಿ ಕಡೆಯವರೆಲ್ಲ ಹೊಸಪೇಟೆಯ ಹೊರಗೆ ಸೇರಿದರು. ರೈಲ್ವೆ ಗೇಟು ದಾಟಿ ಊರೊಳಗೆ ಹೋಗಿ ಡಿಪೋ ಮುಟ್ಟಬೇಕು. ಮುಂದೆ ಸ್ಪೀಕರ್ ಕಟ್ಟಿದ ಗೂಡ್ಸ್ ಗಾಡಿ. ಅದರಲ್ಲಿ ಪಂಪೇಶನ ಕೀಬೋರ್ಡು, ಬ್ಯಾಟರಿ, ಮೈಕ್ ಹಿಡಿದ ಹೊಳೆಮ್ಮ. ಭೀಮವ್ವ ಯಾರನ್ನೂ ಕೇಳದೆ ಹತ್ತಿ ಸ್ಪೀಕರಿಗೆ ಒರಗಿ ಕೂತಿದ್ದಳು.

"ಅಜ್ಜಿ, ಇಳಿ. ಗೂಡ್ಸ್ ಗಾಡ್ಯಾಗ ಜನ ಕೂರಂಗಿಲ್ಲ" ಅಂದ ಪೊಲೀಸ್.

"ನಾ ಜನ ಅಲ್ಲಪ್ಪ, ಗೂಡ್ಸು. ಇದೇ ಗಾಡ್ಯಾಗ ಹೊತ್ಕಂಡು ಒಯ್ದು ಹೊಲದಾಗ ಸುರಿತಿದ್ರು ನಮ್ಮನ್ನ. ಅವಾಗ ಎಲ್ಲಿದ್ದಿ?"

ಅವನು ನಕ್ಕು ಆ ಕಡೆ ಹೋದ.

ಹೊಳೆಮ್ಮ ನೆಟ್ಟಗೆ ನಿಂತು, ಬರೆದ ಹಾಗೇ ಹಾಡಿದಳು. *ಏಳೋ ಏಳೋ ಕೆಮ್ಮಣ್ಣ ಮಗನ.* ತಾಳ ಬಡಿಯಿತು. ಮುಂದಿದ್ದ ಹುಡುಗರು ಕುಣಿದರು. ಉಚ್ಚೆಂಗಪ್ಪ ಗಾಡಿಯ ಪಕ್ಕದಲ್ಲೇ ಕೈಯಲ್ಲಿ ತಾಳ ಹಾಕುತ್ತ ನಡೆಯುತ್ತಿದ್ದ. ಮುಖ ಅರಳಿತ್ತು. ಹಾಡು ಅವನ ವಯಸ್ಸನ್ನು ಸ್ವಲ್ಪ ಹೊತ್ತು ವಾಪಸ್ಸು ಕೊಟ್ಟ ಹಾಗಿತ್ತು. ಬರೇ ಸ್ವಲ್ಪ ಹೊತ್ತು. ಹೊಳೆಮ್ಮ ಮೇಲಿನಿಂದ ನೋಡುತ್ತಲೇ ಇದ್ದಳು: ಅವನು ಗಾಡಿಯ ಬಾನೆಟ್ಟಿನ ಪಕ್ಕದಿಂದ ಹಿಂದಿನ ಚಕ್ರದ ಪಕ್ಕಕ್ಕೆ ಬಂದ, ಅಲ್ಲಿಂದ ಹಿಂದಿನ ಹೆಂಗಸರ ನಡುವೆ ಸೇರಿದ, ಆಮೇಲೆ ಬಿಳಿ ತಲೆಯೊಂದು ಕಂಡೂ ಕಾಣದ ಹಾಗೆ ಆಗಿ, ಕೊನೆಗೆ ಕಾಣಲೇ ಇಲ್ಲ.

ಗಾಡಿ ರೈಲ್ವೆ ಗೇಟು ದಾಟಿತು. ಹುಡುಗರು ದಾಟಿದರು, ಗ್ಯಾಂಗಿನ ಹೆಂಗಸರು ದಾಟಿದರು. ಅಷ್ಟರಲ್ಲಿ ಗಂಟೆ ಬಡಿಯಿತು. ಗೇಟಿನವನು ಎಲ್ಲರನ್ನೂ ಗದರಿಸಿ ಗೇಟು ಇಳಿಸಿದ. ಮಕ್ಕಳನ್ನೆತ್ತಿಕೊಂಡವರು, ಮುದುಕರು, ಕೋಲು ಹಿಡಿದವರು ಎಲ್ಲ ಆ ಕಡೆ ಉಳಿದರು.

"ಮುಂದ ಹೋಗ್ರಿ, ಟ್ರಾಫಿಕ್ ಜಾಮ್ ಆಗತೈತಿ" ಎಂದು ಪೊಲೀಸರು ಅವಸರ ಮಾಡಿದರು. ಪಂಪೇಶ್ ಗಡಿಯಾರ ನೋಡಿಕೊಂಡ. "ನಡೀರಿ ನಡೀರಿ, ಡಿಪೋ ಸಾಹೇಬ್ರು ಮೀಟಿಂಗಿಗೆ ಹೋಗ್ತಾರಂತ. ಅವರು ಆಮ್ಯಾಲೆ ಬಂದು ಕೂಡ್ತಾರ. ಹಾಡಕ್ಕ, ಹಾಡು, ನಿಲ್ಲಸಬ್ಯಾಡ!"

ಅವಳು ಹಾಡುತ್ತಿರುವಷ್ಟು ಹೊತ್ತು ಜನ ನಡೆಯುತ್ತಾರೆ. ಅದು ಹೊಳೆಮ್ಮನಿಗೆ ಆಗ ಸ್ಪಷ್ಟವಾಗಿ ಕಂಡಿತು. ಕೈಯಲ್ಲಿ ಮೈಕ್ ಅಲ್ಲ, ಹಗ್ಗ ಇದ್ದ ಹಾಗೆ. ಇನ್ನೊಂದು ಸಲ 'ನಿಲ್ಲಬ್ಯಾಡ' ಅಂದರೆ ಮುಂದಿನ ಅರ್ಧ ಹೊರಟುಹೋಗುತ್ತದೆ. ಹಿಂದಿನ ಅರ್ಧ ಗೇಟಿನ ಆಚೆ ಬಿಸಿಲಲ್ಲಿ ನಿಂತು ನೋಡಿ, ಒಬ್ಬೊಬ್ಬರೇ ಗಿಡದ ನೆರಳಿಗೆ ಸರಿಯುತ್ತಾರೆ. ಇದನ್ನು ಅವಳು ಒಮ್ಮೆ ನೋಡಿದವಳು. ಬರೆದ ಹಾಗೆ ಹಾಡುತ್ತೇನೆಂದು ಮಾತು ಕೊಟ್ಟದ್ದೂ ನೆನಪಿತ್ತು. ಮಾತು ಮುರಿದರೆ ಮೈಕ್ ಇವತ್ತಿಗೇ ಕೊನೆ.

ಸೊಂಟ ಬಗ್ಗಿಸಿದಳು. ಎಡಗೈ ಮೊಣಕಾಲ ಮೇಲೆ ಊರಿದಳು. ಮೈಕ್ ಬಾಯಿಗೆ ಹಿಡಿದಳು.

"ಹೆಜ್ಜಿ ಇಡವ್ವ, ಬಾರವ್ವಾ…"

ಗ್ಯಾಂಗಿನ ಹೆಂಗಸರು ಜನರ ನಡುವೆ ಎಲ್ಲೆಲ್ಲಿದ್ದರೋ ಅಲ್ಲಲ್ಲೇ ಗಕ್ಕನೆ ನಿಂತರು. ಅವರ ಕಾಲಿಗೆ ಯಾರೂ ಹೇಳಬೇಕಿರಲಿಲ್ಲ. ಈ ಎಳೆ ಬಂದರೆ ನಿಲ್ಲಬೇಕು, ಅಷ್ಟೇ. ಹಿಂದಿನವರು ಬಂದು ಅವರಿಗೆ ಡಿಕ್ಕಿ ಹೊಡೆದರು. "ಏನಾತು? ಯಾಕ ನಿಂತ್ರಿ?" ಕುಣಿಯುತ್ತಿದ್ದ ಹುಡುಗರು ತಿರುಗಿ ನೋಡಿದರು. ಕೀಬೋರ್ಡಿನ ತಾಳ ಮಾತ್ರ ತನ್ನ ಪಾಡಿಗೆ ಓಡುತ್ತಿತ್ತು. ಭೀಮವ್ವ ಕೂತಲ್ಲಿಂದಲೇ ಕೈ ಚಾಚಿ ಅದರ ವೈರು ಕಿತ್ತಳು.

"ಯಜ್ಜೀ! ಏನ್ ಮಾಡಿದಿ!"

"ಚುಪ್ ಕೂಡು. ಸಾಲು ಕೂಡಿಲ್ಲ ಇನ್ನಾ."

ಹೊಳೆಮ್ಮನ ಉಸಿರು ಮುಗಿಯಿತು. ಗಾಡಿಯ ಕೆಳಗಿದ್ದವಳು ಎಳೆ ಹಿಡಿದಳು. ಅವಳದು ಮುಗಿಯಿತು, ಪಾನ್ ಅಂಗಡಿ ಹತ್ತಿರ ಸಿಕ್ಕಿಕೊಂಡಿದ್ದವಳು ಹಿಡಿದಳು. ಆಗ ಗೂಡ್ಸ್ ರೈಲು ಬಂತು, ಈಚೆಗೆ ಮತ್ತೆ ತೆರೆದ ಗಣಿಗಳ ಅದಿರು ತುಂಬಿದ ಡಬ್ಬಿಗಳು, ಒಂದರ ಹಿಂದೊಂದು, ಮುಗಿಯದ ಹಾಗೆ. ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ಆದರೂ ಹೆಂಗಸರ ಬಾಯಿ ತೆರೆದೇ ಇತ್ತು. ಗೊತ್ತಿಲ್ಲದ ಊರಿನವರೂ ಕೆಲವರು ಹಿಡಿದುಕೊಂಡರು. ಪೊಲೀಸರು ಪಂಪೇಶನಿಗೆ ಬೈದರು, ಪಂಪೇಶ್ ಹೊಳೆಮ್ಮನಿಗೆ ಕೈ ಮುಗಿದ, ಹೊಳೆಮ್ಮ ಕಣ್ಣು ಮುಚ್ಚಿಕೊಂಡಿದ್ದಳು.

ರೈಲು ಹೋಯಿತು. ಗೇಟು ಎದ್ದಿತು. ಆ ಕಡೆಯವರು ದಡದಡ ಬಂದು ಸೇರಿದರು. ಮುಗಿಯಿತು ಎಂದು ಪಂಪೇಶ್ ವೈರಿಗೆ ಕೈ ಹಾಕಿದ. ಎಳೆ ನಿಲ್ಲಲಿಲ್ಲ. ಗೇಟಿನಾಚೆ, ರಸ್ತೆ ಪಕ್ಕದ ಕಲ್ಲಿನ ಮೇಲೆ ಒಬ್ಬ ಮನುಷ್ಯ ಕೂತಿದ್ದ. ಜೋತ ಅಂಗಿ, ಎರಡೂ ಕೈ ತೊಡೆಯ ಮೇಲೆ ಊರಿಕೊಂಡು ಉಸಿರಿಗೆ ಬಡಿದಾಡುತ್ತಿದ್ದ. ಹೋಗಿ ಅಂತ ಕೈ ಬೀಸಿದ. ಮೆರವಣಿಗೆಯೆಲ್ಲ ತಿರುಗಿ ಅವನನ್ನೇ ನೋಡುತ್ತಿತ್ತು. ಅವನು ಇನ್ನೊಮ್ಮೆ ಕೈ ಬೀಸಿದ.

ಭೀಮವ್ವ ಹೊಳೆಮ್ಮನ ಕೈಯಿಂದ ಮೈಕ್ ಕಿತ್ತುಕೊಂಡಳು.

"ಏ ಉಚ್ಚೆಂಗಪ್ಪಾ! ಬಂದೆ ಅನ್ನಲೇ! ನೀ ಅನ್ನೋತನಕ ಇವರು ಬಿಡಂಗಿಲ್ಲ. ನನಗ ಗೊತ್ತೈತಿ, ದಿನಾ ಅನುಭವಿಸೀನಿ!"

ನಗು ಎದ್ದಿತು. ಎಳೆ ನಗುವಿನ ನಡುವೆಯೂ ಒಬ್ಬರಿಂದೊಬ್ಬರಿಗೆ ಹೋಗುತ್ತಲೇ ಇತ್ತು. ಉಚ್ಚೆಂಗಪ್ಪ ತಲೆ ತಗ್ಗಿಸಿದ, ಸುತ್ತ ನೋಡಿದ, ಕಂಬ ಹಿಡಿದು ಎದ್ದ. ಹಳಿ ದಾಟಿದ. ಅವಸರ ಮಾಡಲಿಲ್ಲ, ಮಾಡಲು ಆಗುತ್ತಲೂ ಇರಲಿಲ್ಲ. ಕೊನೆಯ ಸಾಲಿನ ಹೆಂಗಸರ ಹತ್ತಿರ ಬಂದು ನಿಂತು, ಇದ್ದಷ್ಟು ಉಸಿರಿನಲ್ಲಿ ಅಂದ:

"ಬಂದೆ."

"ಕೇಳಲಿಲ್ಲಾ!" ಎಂದಳು ಭೀಮವ್ವ ಮೈಕಿನಲ್ಲಿ.

"ಬಂದ್ನೇ, ಮುದುಕೀ!"

ಹೊಳೆಮ್ಮ ಮೈಕ್ ವಾಪಸ್ಸು ತೆಗೆದುಕೊಂಡಳು. "ನೀರು ಕುಡಿದ ಕಾಲಾಗ ನೋಡ…" ಮೆರವಣಿಗೆ ಹೊರಟಿತು. ಡಿಪೋ ಮುಟ್ಟುವ ತನಕ ಹಾಗೇ ಹೋಯಿತು, ನಿಂತು ನಿಂತು, ಕೂಡಿಸಿ ಕೂಡಿಸಿ. ಕುಣಿಯುವ ಹುಡುಗರಿಗೆ ಬೇಜಾರಾಯಿತು. ಸಾಹೇಬರು ಮೀಟಿಂಗಿಗೆ ಹೊರಟವರು ಬಾಗಿಲಲ್ಲೇ ಸಿಕ್ಕಿಬಿದ್ದರು. ರಸ್ತೆ ಪೂರ್ತಿ ತುಂಬಿತ್ತು, ಕಾರು ಹೊರಗೆ ಬರಲು ಜಾಗವಿರಲಿಲ್ಲ. ವಾರದೊಳಗೆ ಬಸ್ಸು ಬಿಡುತ್ತೇವೆ ಎಂದರು.

ಆಮೇಲೆ ಡಿಪೋ ಎದುರಿನ ಚಹಾ ಅಂಗಡಿಯಲ್ಲಿ ಉಚ್ಚೆಂಗಪ್ಪ ಹೊಳೆಮ್ಮನ ಪಕ್ಕದ ಬೆಂಚಿಗೆ ಬಂದು ಕೂತ. ಅರ್ಧ ಚಹಾ ಕುಡಿದ.

"ಗೇಟಿನ ಹತ್ರ ಎಳದಿದ್ದು ಜಾಸ್ತಿ ಆತು" ಅಂದ.

"ನೀ ಬಂದಿದ್ದು ತಡ ಆತು."

"ಮಾತು ಕೆಡಿಸಿದಿ. ಕೆಂಡ ತಗದು ಜೀವ ಹಾಕೀದಿ. ಕೆಂಡ ಅಂದ್ರ ಕೆಂಡನೇ."

"ನೀರಾಗ ಕೆಂಡ ಹೆಂಗಣ್ಣ ಉಳೀತೈತಿ?"

ಅವನು ಲೋಟ ತಿರುಗಿಸಿದ. "ಯಾರಾರ ಕೇಳಿದ್ರ ಏನಂತಿ? ಯಾರ ಹಾಡು ಅಂತಿ?"

"ಉಚ್ಚೆಂಗಪ್ಪಂದು ಅಂತೀನಿ. ಎಳಿಯೋದು ನಮ್ಮದು ಅಂತೀನಿ."

"ಹ್ಞೂಂ" ಅಂದ ಉಚ್ಚೆಂಗಪ್ಪ. ಒಪ್ಪಿದ್ದೋ, ಚಹಾ ನುಂಗಿದ್ದೋ, ಹೊಳೆಮ್ಮ ಬೆದಕಲು ಹೋಗಲಿಲ್ಲ. ಅವನು ಕಾಸು ತೆಗೆಯುವ ಮೊದಲೇ ಎರಡೂ ಚಹಾಕ್ಕೆ ಅವಳೇ ಕೊಟ್ಟಳು.

ವಾರದಲ್ಲಿ ಬಸ್ಸು ಬರಲಿಲ್ಲ. ಇನ್ನೂ ಎರಡು ಸಲ ಹೋಗಿ ಡಿಪೋ ಬಾಗಿಲಲ್ಲಿ ಕೂತ ಮೇಲೆ ಬಂತು. ಕಿಟಕಿ ಮುರಿದ ಹಳೇ ಬಸ್ಸು. ಬೆಳಿಗ್ಗೆ ಕಮಲಾಪುರದಲ್ಲಿ ಹೆಂಗಸರನ್ನು ಹತ್ತಿಸಿಕೊಂಡು ಕಂಪ್ಲಿ ಕಡೆ ಹೋಗುತ್ತದೆ. ಮೊದಲ ದಿನ ಎಲ್ಲರೂ ಹತ್ತಿದ ಮೇಲೆ ಭೀಮವ್ವ ಒಂದು ಕೈಯಲ್ಲಿ ಬುತ್ತಿ, ಒಂದು ಕೈಯಲ್ಲಿ ಬಾಗಿಲ ಕಂಬಿ ಹಿಡಿದು, ಮೊದಲ ಮೆಟ್ಟಿಲಿಗೆ ಕಾಲು ಎತ್ತಲು ಹೆಣಗುತ್ತಿದ್ದಳು. ಕಂಡಕ್ಟರ್ ಸೀಟಿ ಊದಿಬಿಟ್ಟ. ಡ್ರೈವರ್ ಗೇರು ಹಾಕಿದ.

ಹೊಳೆಮ್ಮ ಸೀಟಿನಲ್ಲೇ ಸೊಂಟ ಬಗ್ಗಿಸಿದಳು. "ಬಾರವ್ವಾ…" ಬಸ್ಸಿನ ತುಂಬ ಹೆಂಗಸರು ಹಿಡಿದುಕೊಂಡರು. ಡ್ರೈವರಿಗೆ ಯಾರೋ ಚಕ್ರದಡಿ ಸಿಕ್ಕರೆಂದೇ ಅನ್ನಿಸಿ ಗಕ್ಕನೆ ಬ್ರೇಕ್ ಒತ್ತಿದ. ಕಂಡಕ್ಟರ್ ಕಂಬಿ ಹಿಡಿದುಕೊಂಡು, "ಏನವ್ವ ಇದು? ಎಷ್ಟೊತ್ತು ಹಿಂಗ?" ಅಂದ.

"ಆಕಿ ಹೇಳ್ತಾಳ, ತಡಿ" ಎಂದಳು ಉಸಿರು ತೆಗೆದುಕೊಳ್ಳಲು ಎಳೆ ಬಿಟ್ಟಿದ್ದವಳೊಬ್ಬಳು.

ಭೀಮವ್ವ ಒಂದು ಮೆಟ್ಟಿಲು ಹತ್ತಿದಳು, ನಿಂತಳು, ಡ್ರೈವರನ ಮನೆತನವನ್ನು ಸ್ವಲ್ಪ ವಿಚಾರಿಸಿಕೊಂಡಳು, ಇನ್ನೊಂದು ಮೆಟ್ಟಿಲು ಹತ್ತಿದಳು. ಸೀಟಿನಲ್ಲಿ ಕುಳಿತು ಬುತ್ತಿಯನ್ನು ತೊಡೆಯ ಮೇಲೆ ಇಟ್ಟುಕೊಂಡಳು.

"ಬಂದ್ನೇ."

ಆಮೇಲೆ ಕಂಡಕ್ಟರ್ ಸೀಟಿ ಊದಿದ.